ಹಾಯಿದೋಣಿಯಲ್ಲಿ ಹನ್ನೊಂದು ಮಂದಿ

ನನ್ನ ಭಾವಮೈದುನ ತನ್ನ ಆಯುಷ್ಯದ ಹೆಚ್ಚಿನ ಭಾಗವನ್ನು ಒಂದೇ ಬಟ್ಟೆ ಅಂಗಡಿಯಲ್ಲಿ ಕಳೆದವನು. ಗಾಜಿನ ಹಿಂದೆ ನಿಂತ ಬೊಂಬೆಗಳಿಗೆ ಬಟ್ಟೆ ತೊಡಿಸುವುದು ಅವನ ಕೆಲಸ. ಬೊಂಬೆಯ ಕೈ ಕಳಚಿ ಬಿದ್ದರೆ ಮೊದಲು ‘ಅಯ್ಯೋ ಪಾಪ’ ಎಂದು ಅದರ ಭುಜ ಸವರಿ, ಆಮೇಲೆ ಕೈ ಸಿಕ್ಕಿಸುತ್ತಿದ್ದ. ಬಟ್ಟೆ ಬದಲಿಸುವಾಗ ಪರದೆ ಎಳೆಯುತ್ತಿದ್ದ. ನಮ್ಮ ರಸ್ತೆಯವರು ಅವನಿಗೆ ಶೋಕೇಸು ಎಂದು ಹೆಸರಿಟ್ಟಿದ್ದರು. ಅವನು ಅದನ್ನು ಬಿರುದೆಂದೇ ತಿಳಿದಿದ್ದ. ಇಂಥವನ ಕೈಗೆ ಕಡಲ್ಗಳ್ಳರ ಭಯವಿರುವ ಜಲಸಂಧಿಯನ್ನು ದಾಟುವ ಏರ್ಪಾಡು ಹೇಗೆ ಬಂತು ಎಂಬುದು ದೇವರಿಗೂ ಸ್ವಲ್ಪ ಆಶ್ಚರ್ಯ ತಂದಿರಬೇಕು.

ನನ್ನ ಹೆಂಡತಿ ತೀರಿಕೊಂಡು ವರ್ಷ ತುಂಬುತ್ತ ಬಂದಿತ್ತು. ಅವಳ ಅಕ್ಕ, ನಾವೆಲ್ಲ ದೊಡ್ಡಕ್ಕ ಎಂದು ಕರೆಯುವವರು, ಜಲಸಂಧಿಯ ಆಚೆಯ ದ್ವೀಪದಲ್ಲಿ, ಅವರಿಬ್ಬರೂ ಹುಟ್ಟಿದ ಮನೆಯಲ್ಲೇ ಇದ್ದಾರೆ. ಮಂಚ ಬಿಟ್ಟು ಏಳಲಾರರು. ಒಂದು ದಿನ ಫೋನು ಮಾಡಿ, “ಕೊನೇಲಿ ಅವಳ ಮುಖ ನೋಡೋಕೆ ನನಗಾಗಲಿಲ್ಲ. ವರ್ಷದ ಪ್ರಾರ್ಥನೆನಾದ್ರೂ ನನ್ನ ಮಂಚದ ಪಕ್ಕ ಆಗಲಿ. ಬರ್ತೀರಾ?” ಎಂದರು. ಬರುತ್ತೇನೆ ಎಂದು ಮಾತು ಕೊಟ್ಟು, ಆ ಮಾತನ್ನು ದೇವರಿಗೂ ತಿಳಿಸಿದೆ. ಮಾರನೆಯ ವಾರ ದ್ವೀಪಕ್ಕೆ ಹೋಗುವ ಲಾಂಚು ನಿಂತಿತು. ಕಡಲ್ಗಳ್ಳರು ಒಂದು ಸರಕಿನ ಹಡಗನ್ನು ಹತ್ತಿ ದೋಚಿದರಂತೆ. ಪ್ರಯಾಣಿಕರನ್ನು ಒಯ್ಯುವ ಧೈರ್ಯ ಯಾರಿಗೂ ಉಳಿಯಲಿಲ್ಲ.

ನಾನು ಮನೆಯೊಳಗೆ ಅತ್ತಿಂದಿತ್ತ ಓಡಾಡತೊಡಗಿದೆ. ಭಾವಮೈದುನ ನನ್ನ ಹಿಂದೆ ಓಡಾಡತೊಡಗಿದ. ಹೀಗೆ ಓಡಾಡುವಾಗಲೇ ಅವನಿಗೆ ಹಲ್ಲುನೋವು ಬಂತು.

ನಮ್ಮ ಹಲ್ಲಿನ ಡಾಕ್ಟರಿಗೆ ಒಂದು ಹಾಯಿದೋಣಿ ಇದೆ. ಯಾಟ್ ಎಂದರೆ ಅವರಿಗೆ ಇನ್ನೂ ಸಂತೋಷ. ಅವರು ನಮ್ಮವನ ಬಾಯಿಯೊಳಗೆ ಯಂತ್ರ ತಿರುಗಿಸುತ್ತಲೇ, ತಾವು ಇನ್ನೆರಡು ದೋಣಿಗಳವರ ಜೊತೆ ಸೇರಿ ದ್ವೀಪಕ್ಕೆ ಹೋಗುವುದಾಗಿಯೂ, ಜೊತೆಗೆ ಬರಲು ಗಂಡಸರು ಸಿಗುತ್ತಿಲ್ಲವೆಂದೂ ಹೇಳಿಕೊಂಡರು. ಅದೇ ಹೊತ್ತಿಗೆ ಯಂತ್ರ ನರಕ್ಕೆ ತಗುಲಿತು. ನಮ್ಮವನು ಕೈಯೆತ್ತಿದ. “ಭೇಷ್” ಎಂದರು ಡಾಕ್ಟರು. “ನಿಮ್ಮ ಭಾವನನ್ನೂ ಕರಕೊಂಡು ಬನ್ನಿ. ಮಲಗೋಕೆ ಮೂರೇ ಜಾಗ ಇರೋದು, ಸರಿಹೋಗುತ್ತೆ.” ಅವನ ಬಾಯಿ ಮುಚ್ಚಲು ಬಿಡುವಷ್ಟರಲ್ಲಿ ಎಲ್ಲವೂ ನಿಶ್ಚಯವಾಗಿತ್ತು.

ಮರುದಿನ ಮಧ್ಯಾಹ್ನ ದವಾಖಾನೆಯಲ್ಲಿ ಸಭೆ ಸೇರಿದೆವು. ಡಾಕ್ಟರು ಹಲ್ಲಿನ ಕುರ್ಚಿಯನ್ನು ಹಿಂದಕ್ಕೆ ಮಲಗಿಸಿ ಅದರ ಮೇಲೆ ಸಮುದ್ರದ ನಕಾಶೆ ಹರಡಿದರು. ತಲೆಯ ಮೇಲಿನ ದೀಪವನ್ನು ಜಲಸಂಧಿಗೆ ಸರಿಯಾಗಿ ಎಳೆದರು. ಕೊಕ್ಕೆಯಂಥ ಒಂದು ಉಪಕರಣದಿಂದ ಒಂದು ಜಾಗವನ್ನು ಮುಟ್ಟಿ, “ಕೆಟ್ಟಿರೋದು ಇಲ್ಲಿ” ಎಂದರು. ಭಾವಮೈದುನ ಕೆನ್ನೆ ಹಿಡಿದುಕೊಂಡ.

“ದಡಕ್ಕೆ ಅಂಟಿಕೊಂಡು ಹೋಗಬಾರದು, ಅವರ ಪುಟ್ಟ ದೋಣಿಗಳು ಅಲ್ಲೇ ಅಡಗಿರ್ತವೆ. ಮೂರು ಹಾಯಿದೋಣಿಗಳು ಒಂದನ್ನೊಂದು ಕಣ್ಣಿಂದ ಬಿಡಬಾರದು. ನಾವು ಎಲ್ಲಿದ್ದೀವಿ ಅಂತ ಕಾವಲು ಹಡಗಿಗೆ ತಿಳಿಸ್ತಾ ಇರಬೇಕು, ಬೇರೆ ಯಾರಿಗೂ ಹೇಳಬಾರದು. ಏಣಿ ಮೇಲೆ ಎಳೆದಿಟ್ಟುಕೊಳ್ಳಬೇಕು. ಹಗಲೂ ರಾತ್ರಿ ಒಬ್ಬರು ಎಚ್ಚರ ಇರಲೇಬೇಕು. ಗಾಳಿ ತಿರುಗೋಕೆ ಮುಂಚೆ ಹೊರಡಬೇಕು. ಮುಖ್ಯ ಏನಂದ್ರೆ, ನಮ್ಮ ರಸ್ತೆಗೆ ಒಂದು ಮಾತೂ ಗೊತ್ತಾಗಬಾರದು.”

“ನಮ್ಮ ರಸ್ತೆಯಲ್ಲಿ ಕಡಲ್ಗಳ್ಳರಿಲ್ಲವಲ್ಲ ಡಾಕ್ಟ್ರೇ” ಎಂದೆ.

“ಮಾತು ಎಲ್ಲಿಂದ ಎಲ್ಲಿಗೆ ಹೋಗುತ್ತೋ ಹೇಳೋಕಾಗಲ್ಲ. ಇನ್ನೊಂದು ಇದೆ. ದೋಣಿ ಮೇಲೆ ತಲೆಗಳು ಹೆಚ್ಚು ಕಂಡ್ರೆ ಅವರು ಹತ್ತಿರ ಬರೋಕೆ ಹಿಂಜರೀತಾರೆ. ನಾವು ಮೂರೇ ಜನ. ಅದೊಂದೇ ಯೋಚನೆ.”

ಭಾವಮೈದುನ ಮೂಲೆಯ ಸ್ಟೂಲಿನಿಂದ ಎದ್ದು ನಿಂತ. ಮನುಕುಲಕ್ಕೆ ತನ್ನ ವಿದ್ಯೆ ಬೇಕಾಗುವ ದಿನಕ್ಕಾಗಿ ಅವನು ಬಹಳ ಕಾಲದಿಂದ ಕಾದಿದ್ದ. “ಡಾಕ್ಟ್ರೇ, ತಲೆ ಎಷ್ಟು ಬೇಕು?” ಎಂದು ಕೇಳಿದ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಕೆಲಸದಿಂದ ನಿವೃತ್ತಿ ಪಡೆದ ಎಂಟು ಬೊಂಬೆಗಳಿದ್ದವು. ಒಂದಕ್ಕೆ ಮೂಗು ಹಾರಿಹೋಗಿತ್ತು, ಇನ್ನೊಂದರ ಸೊಂಟ ಸಡಿಲ. ಮಾಲೀಕರಿಗೆ ಹೇಳಿ, ಅಂಗಡಿಯ ಮುಚ್ಚಿದ ವ್ಯಾನಿನಲ್ಲಿ ಅವನ್ನು ನೇರವಾಗಿ ದೋಣಿಗೆ ಸಾಗಿಸಿದ. ರಸ್ತೆಗೆ ಸುಳಿವೂ ಸಿಗಲಿಲ್ಲ. ಇಲ್ಲಿಯವರೆಗೆ ಅವನು ನಡೆದುಕೊಂಡದ್ದನ್ನು ಯಾರೂ ತಪ್ಪು ಎನ್ನುವಂತಿಲ್ಲ.

ತಪ್ಪು ಆದದ್ದು ಬಂದರು ಕಚೇರಿಯ ಕಿಟಕಿಯಲ್ಲಿ. ಹೊರಡುವ ದೋಣಿಯಲ್ಲಿ ಎಷ್ಟು ಜನ ಎಂದು ಅಲ್ಲಿ ಹೇಳಬೇಕು. ಕಿಟಕಿಯ ಹಿಂದಿನ ಗುಮಾಸ್ತನಿಗೆ ಕಿವಿ ಮಂದ, ಹಾಗಾಗಿ ಎಲ್ಲರೂ ಕೂಗಿ ಹೇಳುವುದು ಅಲ್ಲಿಯ ರೂಢಿ. ಭಾವಮೈದುನನ ಬೆನ್ನಿಗೆ ಉದ್ದದ ಸಾಲು ನಿಂತಿತ್ತು. ಮೀನುಗಾರರು, ಸಾಮಾನು ಹೊರುವವರು, ಮುಖ ಪರಿಚಯವಿಲ್ಲದ ಇನ್ನೂ ಕೆಲವರು. ಅವನು ಯೋಚಿಸಿದ: ಮೂರು ಜನ ಎಂದು ಇಲ್ಲಿ ಕೂಗಿದರೆ, ಬೊಂಬೆಗಳನ್ನು ನಿಲ್ಲಿಸಿ ಪ್ರಯೋಜನವೇನು? ಕಳ್ಳರ ಕಡೆಯವನೊಬ್ಬ ಸಾಲಿನಲ್ಲಿದ್ದರೆ? ಈಗ ದೊಡ್ಡ ಸಂಖ್ಯೆ ಕೂಗಿ, ಆಮೇಲೆ ಕಿಟಕಿಯೊಳಗೆ ತಲೆ ಹಾಕಿ ಗುಟ್ಟಾಗಿ ನಿಜ ಹೇಳಿದರಾಯಿತು.

“ಹನ್ನೊಂದು ಜನ” ಎಂದು ಕೂಗಿದ.

ಗುಮಾಸ್ತ ಬರೆದುಕೊಂಡ. ನಮ್ಮವನು ತಲೆ ಒಳಗೆ ತೂರಿಸಿ ಪಿಸುಗುಟ್ಟಿದ. ಗುಮಾಸ್ತ, “ಹೌದೌದು, ಒಳ್ಳೆ ಗಾಳಿ” ಎಂದು ಹೇಳಿ, “ಮುಂದಿನವರು” ಎಂದ.

ಮುಂದಿನವರು ನಮ್ಮ ಮೇಲಿನ ಮನೆಯ ಮಹಡಿಯಮ್ಮ.

ಈಕೆಯ ವಿಷಯ ಎರಡು ಮಾತು ಹೇಳಬೇಕು. ಮಹಡಿಯಮ್ಮನಿಗೆ ನಿದ್ದೆ ಬರುವುದಿಲ್ಲ. ಯಾವ ಔಷಧಕ್ಕೂ ಬಗ್ಗದ ನಿದ್ರಾಹೀನತೆ. ಆದ್ದರಿಂದ ಕಿಟಕಿಯಲ್ಲಿ ಕೂತು ರಸ್ತೆಯನ್ನು ನೋಡಿಕೊಳ್ಳುತ್ತಾರೆ. ಯಾರ ಮನೆಗೆ ಯಾರು ಬಂದರು, ಎಷ್ಟು ಹೊತ್ತಿಗೆ ಹೋದರು, ಹೋಗುವಾಗ ಮುಖ ಹೇಗಿತ್ತು ಎಂಬುದು ಅವರಿಗೆ ತಿಳಿಯದೆ ಇಲ್ಲ. ಅವರ ಮಗಳು ದ್ವೀಪದಲ್ಲಿ ಹೆತ್ತಿದ್ದಳು. ಮೊಮ್ಮಗುವನ್ನು ನೋಡಲು ನಮ್ಮ ಜೊತೆ ಬರುತ್ತೇನೆಂದು ಕೇಳಿದ್ದರು. ಹೇಗೆ ತಿಳಿಯಿತೆಂದು ಕೇಳುವುದು ವ್ಯರ್ಥ. ಮಲಗಲು ಮೂರೇ ಜಾಗ, ನಾಲ್ಕನೆಯವರಿಗಿಲ್ಲ ಎಂದು ನಾನೇ ಹೇಳಿ ಕಳಿಸಿದ್ದೆ. ಬೇರೆ ದೋಣಿ ಇದೆಯೇ ಎಂದು ಕೇಳಲು ಅವರು ಆ ಸಾಲಿನಲ್ಲಿ ನಿಂತಿದ್ದರು.

ಸಂಜೆ ಅವರು ನಮ್ಮ ಬಾಗಿಲಲ್ಲಿ ನಿಂತಿದ್ದರು.

“ನಾಲ್ಕನೆಯವರಿಗೆ ಜಾಗ ಇಲ್ಲ. ಹನ್ನೊಂದನೆಯವರಿಗೆ ಇದೆ. ಹೌದಾ?”

“ಅಮ್ಮಾ, ಅದು ಬೇರೆ ವಿಷಯ.”

“ಬೇರೆನೇ. ನಿಮ್ಮ ಮನೆಯಾಕೆ ಇದ್ದಿದ್ರೆ ನನ್ನನ್ನ ಹೀಗೆ ಬಾಗಿಲಲ್ಲಿ ನಿಲ್ಲಿಸ್ತಿರಲಿಲ್ಲ” ಎಂದು ಹೇಳಿ ಮೆಟ್ಟಿಲು ಹತ್ತಿದರು. ಪ್ರತಿ ಮೆಟ್ಟಿಲಿಗೂ ಒಂದು ನಿಟ್ಟುಸಿರು ಕೇಳಿಸಿತು.

ಮರುದಿನ ನನ್ನ ಚಿಕ್ಕಪ್ಪನ ಮಗ ಬಂದ. ಇವನು ಯಾವ ಮಾತನ್ನೂ ‘ನ್ಯಾಯವಾಗಿ ಹೇಳಬೇಕಂದ್ರೆ’ ಎಂದೇ ಆರಂಭಿಸುವುದರಿಂದ ಬಂಧುಗಳು ಇವನನ್ನು ನ್ಯಾಯದಣ್ಣ ಎನ್ನುತ್ತಾರೆ. ಬಂದವನು ಕೂರಲಿಲ್ಲ. ಕೋಪ ಬಂದಾಗ ಅವನು ಕೂರುವುದಿಲ್ಲ, ಆದರೆ ಕಾಫಿ ಕುಡಿಯುತ್ತಾನೆ.

“ನ್ಯಾಯವಾಗಿ ಹೇಳಬೇಕಂದ್ರೆ ನನಗೇನೂ ಬೇಜಾರಿಲ್ಲ. ಅತ್ತಿಗೆ ಪ್ರಾರ್ಥನೆಗೆ ಎಂಟು ಜನರನ್ನ ಕರಕೊಂಡು ಹೋಗ್ತಿದ್ದೀಯ, ನಮ್ಮ ಕಡೆಯಿಂದ ಒಬ್ಬರೂ ಇಲ್ಲ. ಯಾರು ಅವರು?”

ಇಲ್ಲಿ ನನ್ನ ಕಷ್ಟವನ್ನು ಓದುಗರು ತಿಳಿಯಬೇಕು. ಗುಟ್ಟು ಬಿಡುವುದಿಲ್ಲವೆಂದು ಡಾಕ್ಟರಿಗೆ ಮಾತು ಕೊಟ್ಟಿದ್ದೆ. ಸುಳ್ಳಾಡುವುದಿಲ್ಲವೆಂದು ದೇವರಿಗೆ ಅದಕ್ಕೂ ಹಿಂದೆಯೇ ಮಾತು ಕೊಟ್ಟಿದ್ದೆ. ಎರಡೂ ಮಾತುಗಳ ನಡುವೆ ಇದ್ದ ಸಂದಿಯಲ್ಲಿ ನಡೆಯತೊಡಗಿದೆ.

“ಇವನ ಕಡೆಯವರು” ಎಂದು ಭಾವಮೈದುನನನ್ನು ತೋರಿಸಿದೆ.

“ಏನು ಮಾಡ್ಕೊಂಡಿದ್ದಾರೆ?”

“ಬಟ್ಟೆ ಅಂಗಡೀಲಿ ಇದ್ದವರು. ಈಗ ನಿವೃತ್ತರು.”

“ನಮ್ಮ ಮನೆಯವರನ್ನ ಬಿಟ್ಟು ಇವರನ್ನೇ ಕರಕೊಂಡು ಹೋಗೋ ಅಂಥದ್ದು ಏನು ಅವರಲ್ಲಿ?”

“ಅವರಿಂದ ತೊಂದರೆ ಇಲ್ಲ. ಮಾತಾಡಲ್ಲ.”

“ಮಾತಾಡಲ್ವಾ? ಯಾವಾಗಿಂದ?”

“ಮೊದಲಿಂದಲೂ” ಎಂದ ಭಾವಮೈದುನ.

ನ್ಯಾಯದಣ್ಣನ ಲೋಟ ಬಾಯಿಯ ಹತ್ತಿರ ನಿಂತಿತು. “ಊಟಕ್ಕೆ?”

“ಏನೂ ತಗೊಳಲ್ಲ” ಎಂದೆ.

“ನೀರು?”

“ಅದೂ ಇಲ್ಲ. ನಿಲ್ಲಿಸಿದ ಕಡೆ ನಿಂತಿರ್ತಾರೆ. ಆಸೆ ಅನ್ನೋದೇ ಇಲ್ಲ ಅವರಿಗೆ” ಎಂದು ಭಾವಮೈದುನ ಅಭಿಮಾನದಿಂದ ಹೇಳಿದ. “ಒಬ್ಬರಿಗೆ ಮೂಗಿಲ್ಲ. ಅದನ್ನೂ ಯಾವತ್ತೂ ಹೇಳ್ಕೊಂಡಿಲ್ಲ.”

ನ್ಯಾಯದಣ್ಣ ಮೆಲ್ಲನೆ ಕುರ್ಚಿಯಲ್ಲಿ ಕುಳಿತ. ಅವನ ಮುಖದಿಂದ ಕೋಪ ಇಳಿದು ಒಂದು ಬಗೆಯ ಭಯಭಕ್ತಿ ಏರುತ್ತಿತ್ತು. “ನೀನು ಮೊದಲೇ ಹೇಳಬಾರದಿತ್ತೇನೋ? ಇಂಥ ತಪಸ್ವಿಗಳು ಪ್ರಾರ್ಥನೆಗೆ ಬರ್ತಾರೆ ಅಂದ್ರೆ ಅತ್ತಿಗೆ ಪುಣ್ಯ. ನಾನು ಅವರನ್ನ ಒಂದು ಸಲ ನೋಡಬೇಕು.”

“ಅವರು ಯಾರನ್ನೂ ನೋಡಲ್ಲ” ಎಂದೆ. ಅದೂ ನಿಜವೇ.

ಅನ್ನ ನೀರು ಬಿಟ್ಟು ಮೌನದಲ್ಲಿರುವ ಎಂಟು ಮಂದಿ ಹಿರಿಯರು ನಮ್ಮ ಬಂದರಿನಿಂದ ಹೊರಡುತ್ತಾರೆಂಬ ಸುದ್ದಿ ಅಂದೇ ರಸ್ತೆಯ ಕೊನೆ ಮುಟ್ಟಿತು. ಕೊನೆ ಮುಟ್ಟಿ ಹಿಂದಿರುಗುವಾಗ ಅವರ ವಯಸ್ಸು ನೂರು ದಾಟಿತ್ತು. ಔಷಧದಂಗಡಿಯವನು ಅವರಲ್ಲೊಬ್ಬರಿಂದ ತನ್ನ ಬೆನ್ನು ಮುಟ್ಟಿಸಿಕೊಳ್ಳಬಹುದೇ ಎಂದು ಕೇಳಿದ. ಮುಟ್ಟಿಸಬಹುದು, ಕೈ ಕಳಚೀತು ಎಂದು ಹೇಳಲು ಹೊರಟ ಭಾವಮೈದುನನ ಕಾಲನ್ನು ನಾನು ತುಳಿಯಬೇಕಾಯಿತು.

ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕಿಟಕಿ ತೆರೆದು ಗಾಳಿಯ ದಿಕ್ಕು ನೋಡುವುದು, ಮುಚ್ಚುವುದು, ಮತ್ತೆ ತೆರೆಯುವುದು. ಡಾಕ್ಟರು ಫೋನಿನಲ್ಲಿ, “ಗಾಳಿ ತಿರುಗುತ್ತಾ ಇದೆ. ನಾಳೆ ಬೆಳಿಗ್ಗೆ ಕಾವಲು ಹಡಗು ಹೊರಡುತ್ತೆ. ಅದರ ಹಿಂದೆ ಹೋಗಲಿಲ್ಲ ಅಂದ್ರೆ ಈ ಋತು ಮುಗೀತು” ಎಂದರು. ಈ ಋತು ಮುಗಿದರೆ ವರ್ಷದ ಪ್ರಾರ್ಥನೆ ತಪ್ಪಿದಂತೆ. ದೊಡ್ಡಕ್ಕ ಇನ್ನೊಂದು ಋತುವಿಗೆ ಕಾಯುವ ಸ್ಥಿತಿಯಲ್ಲಿರಲಿಲ್ಲ.

ಬೆಳಿಗ್ಗೆ ಬಂದರಿಗೆ ಹೋದರೆ, ನಮ್ಮ ರಸ್ತೆ ನಮಗಿಂತ ಮೊದಲೇ ಅಲ್ಲಿ ಬಂದು ನಿಂತಿತ್ತು. ನ್ಯಾಯದಣ್ಣ ಸಂಸಾರ ಸಮೇತ ಹೂ ಹಿಡಿದಿದ್ದ. ಮಹಡಿಯಮ್ಮ ಒಂದು ಚೀಲ ಹಿಡಿದು ಎಲ್ಲರಿಗಿಂತ ಮುಂದೆ, ಬೇಕೆಂದೇ ನಮ್ಮ ಕಡೆ ನೋಡದೆ ನಿಂತಿದ್ದರು. ಎಲ್ಲರೂ ಪಿಸುಮಾತಿನಲ್ಲಿದ್ದರು.

ದೋಣಿ ಸ್ವಲ್ಪ ದೂರದಲ್ಲಿ ಲಂಗರು ಹಾಕಿತ್ತು. ಅದರ ಮೇಲೆ ಎಂಟು ಮಂದಿ, ಹೆಚ್ಚಿನವರು ಲೈಫ್ ಜಾಕೆಟ್ ತೊಟ್ಟು, ಟೋಪಿ ಧರಿಸಿ ನಿಂತಿದ್ದರು. ಭಾವಮೈದುನ ಹಿಂದಿನ ದಿನವೆಲ್ಲ ಅಲ್ಲೇ ದುಡಿದಿದ್ದ. ಒಬ್ಬ ಹಗ್ಗ ಹಿಡಿದಿದ್ದ, ಒಬ್ಬ ದುರ್ಬೀನು, ಮೂಗಿಲ್ಲದವನು ಕಂಠವಸ್ತ್ರ ಸುತ್ತಿಕೊಂಡು ದಿಗಂತ ನೋಡುತ್ತಿದ್ದ. ನಾನು ನೋಡಿದ ಜೀವಂತ ಜನರಲ್ಲಿ ಹಲವರು ಅಷ್ಟು ಲಕ್ಷಣವಾಗಿ ನಿಲ್ಲುವುದಿಲ್ಲ.

“ಅಲ್ಲಾಡೋದೂ ಇಲ್ಲ ನೋಡು” ಎಂದ ನ್ಯಾಯದಣ್ಣ ತನ್ನ ಹೆಂಡತಿಗೆ.

ಆಗ ಬಂದರಿನ ಅಧಿಕಾರಿ ಬಂದರು. ಬಿಳಿ ಸಮವಸ್ತ್ರ, ಬಿಗಿದ ಮುಖ, ಕೈಯಲ್ಲಿ ಪೆನ್ನು.

“ಹನ್ನೊಂದು ಜನಕ್ಕೆ ಅಂತ ನೀವು ಹಾಕಿರೋ ನೀರು ಮೂರು ನಾಲ್ಕು ಜನಕ್ಕೆ ಸಾಕಾದೀತು ಅಷ್ಟೆ” ಎಂದರು.

“ಅವರು ಎಂಟು ಜನ ನೀರು ಕುಡಿಯಲ್ಲ ಸಾರ್” ಎಂದ ಭಾವಮೈದುನ.

“ಊಟ?”

“ಅದೂ ಇಲ್ಲ.”

“ಇಬ್ಬರು ಒಂದೇ ಜಾಗದಲ್ಲಿ ಮಲಗಿದ್ರೂ ಐದು ಜನಕ್ಕೆ ಜಾಗ ಇಲ್ಲ. ಎಲ್ಲಿ ಮಲಗ್ತಾರೆ?”

“ನಿಂತೇ ಇರ್ತಾರೆ.”

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು. “ಎಂಟು ಜನರನ್ನ ಅನ್ನ ನೀರು ಕೊಡದೆ, ಮಲಗೋಕೆ ಬಿಡದೆ, ಕಳ್ಳರಿರೋ ಸಮುದ್ರದ ಮೇಲೆ ಸಾಗಿಸ್ತಿದ್ದೀರಿ. ಇದಕ್ಕೆ ಕಾನೂನಲ್ಲಿ ಬೇರೆ ಹೆಸರಿದೆ. ನಡೀರಿ, ನಾನು ಅವರನ್ನ ಮಾತಾಡಿಸಬೇಕು.”

ಡಾಕ್ಟರು ತಮ್ಮ ರೋಗಿಗಳಿಗೆ ಹೇಳುವ ದನಿಯಲ್ಲಿ ನನ್ನ ಕಿವಿಯಲ್ಲಿ, “ಏನೂ ಆಗಲ್ಲ, ಸ್ವಲ್ಪ ಜುಮ್ ಅನ್ನುತ್ತೆ ಅಷ್ಟೆ” ಎಂದರು.

ಚಿಕ್ಕ ದೋಣಿಯಲ್ಲಿ ನಾವು ನಾಲ್ವರೂ ಹೊರಟೆವು. ಹತ್ತಿರವಾದಂತೆ ಅಧಿಕಾರಿ ಮೇಲೆದ್ದು, ಅಂಚಿನಲ್ಲಿ ಬೆನ್ನು ತಿರುಗಿಸಿ ನಿಂತ ಹೆಂಗಸಿಗೆ, “ಅಮ್ಮಾ, ಸ್ವಲ್ಪ ಸರೀರಿ, ಹತ್ತಬೇಕು” ಎಂದರು. ಆಕೆ ಸರಿಯಲಿಲ್ಲ. “ಅಮ್ಮಾ” ಎಂದು ಇನ್ನೊಮ್ಮೆ ಮರ್ಯಾದೆಯಿಂದ ಕೂಗಿದರು. ನಾನು ತಲೆಯೆತ್ತಿ ನೋಡಿದೆ. ಬೂದುಬಣ್ಣದ ಕೋಟು. ಮೊಣಕೈಗೆ ನನ್ನ ಹೆಂಡತಿ ತಾನೇ ಹಾಕಿದ ಕಂದು ತೇಪೆ.

ಲಂಗರಿನ ಮೇಲೆ ದೋಣಿ ತಿರುಗಿ ಕೋಟು ದಡದವರಿಗೂ ಕಂಡಿತು; ಇದ್ದಕ್ಕಿದ್ದಂತೆ ಅಲ್ಲಿಯ ಪಿಸುಮಾತು ನಿಂತಿತು. ಆ ಕೋಟನ್ನು ನಮ್ಮ ರಸ್ತೆಯಲ್ಲಿ ಅರಿಯದವರಿಲ್ಲ. ಅದನ್ನು ತೊಟ್ಟೇ ಅವಳು ರೋಗಿಗಳ ಮನೆಗೆ ಸಾರು ಒಯ್ಯುತ್ತಿದ್ದಳು, ಅದನ್ನು ತೊಟ್ಟೇ ಔಷಧದಂಗಡಿಯವನ ಕುಡಿತ ಬಿಡಿಸಿದ್ದಳು.

ಭಾವಮೈದುನ ನನ್ನ ಮುಖ ನೋಡಲಾರದೆ ನೀರು ನೋಡುತ್ತ, “ಭಾವ, ಕೋಪ ಮಾಡ್ಕೋಬೇಡಿ. ಒಬ್ಬ ಹೆಂಗಸಿಗೆ ತೊಡಿಸೋಕೆ ಬಟ್ಟೆ ಸಾಲದೇ ಬಂತು. ಮತ್ತೆ... ಅಕ್ಕ ನಿಂತಿದ್ರೆ ಯಾವ ಕಳ್ಳನೂ ಹತ್ತಲ್ಲ ಅಂತ ಅನ್ನಿಸ್ತು” ಎಂದ.

ನಾನು ದೋಣಿ ಹತ್ತಿದೆ. ಆ ಕೋಟಿನ ಮುಂದೆ ನಿಂತೆ.

“ಮೇಲಿನ ಗುಂಡಿ ಅವಳು ಯಾವತ್ತೂ ಹಾಕ್ತಿರಲಿಲ್ಲ” ಎಂದೆ.

ಅವನು ಬಂದು ಆ ಗುಂಡಿಯನ್ನು ಬಿಚ್ಚಿದ. ಕಾಲರನ್ನು ಸರಿಮಾಡಿದ.

ಅಧಿಕಾರಿ ಒಂದೊಂದೇ ಬೊಂಬೆಯ ಮುಂದೆ ನಿಂತು ನೋಡಿದರು. ದುರ್ಬೀನು ಹಿಡಿದವನ ಕೆನ್ನೆಯನ್ನು ಪೆನ್ನಿನಿಂದ ತಟ್ಟಿದರು. ಟೊಳ್ಳು ಸದ್ದು ಬಂತು. ಆಮೇಲೆ ಭಾವಮೈದುನನ ಕಡೆ ತಿರುಗಿ, “ಇದನ್ನ ಮಾಡಿದ್ದು ನೀವಾ?” ಎಂದರು.

“ಹೌದು ಸಾರ್.”

“ನನ್ನ ಕಣ್ಣಿಗೇ ಮಣ್ಣೆರಚಿದ್ರಿ. ಕಳ್ಳರ ಕಣ್ಣಿಗೂ ಎರಚ್ತೀರಿ. ಇವು ಇರಲಿ. ಆದರೆ ನಿಜವಾಗಿ ಎಷ್ಟು ಜನ?”

“ಮೂರು” ಎಂದೆ. ಹಲವು ದಿನಗಳಲ್ಲಿ ಅಷ್ಟು ಸಲೀಸಾಗಿ ಆಡಿದ ಮಾತು ಅದೊಂದೇ.

“ಹಾಗಾದ್ರೆ ನೀವು ಹೊರಡೋ ಹಾಗಿಲ್ಲ.”

ಡಾಕ್ಟರು ಏಣಿ ಹಿಡಿದುಕೊಂಡರು.

“ಹನ್ನೊಂದು ಅಂದಿದ್ದಕ್ಕೆ ನಾನು ನೀರು ಊಟ ಮಾತ್ರ ಕೇಳಿದ್ದು. ಈ ಜಲಸಂಧಿ ದಾಟೋಕೆ ಕನಿಷ್ಠ ನಾಲ್ಕು ಜನ ಇರಬೇಕು ಅಂತ ನಿಯಮ. ಸರದಿ ಮೇಲೆ ಕಾವಲು ಕೂರಬೇಕು. ನೀವು ಮೂರು ಜನ, ಅದರಲ್ಲಿ ಇಬ್ಬರಿಗೆ ವಯಸ್ಸಾಗಿದೆ. ನಿದ್ದೆ ಹತ್ತಿದ್ರೆ ಬೊಂಬೆ ಎಬ್ಬಿಸುತ್ತಾ?” ಗಡಿಯಾರ ನೋಡಿಕೊಂಡರು. “ಕಾವಲು ಹಡಗು ಇನ್ನೇನು ಹೊರಡುತ್ತೆ. ನಾಲ್ಕನೆಯವರು ಯಾರಿದ್ದಾರೆ? ರಾತ್ರಿ ಕಣ್ಣು ಮುಚ್ಚದವರು ಬೇಕು.”

ನಾವು ಮೂವರೂ ಒಟ್ಟಿಗೆ ದಡದ ಕಡೆ ತಿರುಗಿದೆವು. ಎಲ್ಲರಿಗಿಂತ ಮುಂದೆ, ಚೀಲ ಹಿಡಿದು, ಮಹಡಿಯಮ್ಮ ನಿಂತಿದ್ದರು.

ಅವರನ್ನು ಕರೆಯಲು ನಾನೇ ಹೋದೆ. ನಾನು ತಲೆ ತಗ್ಗಿಸಿ ವಿಷಯ ಹೇಳುವಾಗ ಅವರು ಸಮುದ್ರವನ್ನೇ ನೋಡುತ್ತಿದ್ದರು.

“ಮಲಗೋಕೆ ಜಾಗ ಇಲ್ಲ ಅಂದ್ರಿ.”

“ಹೌದಮ್ಮಾ.”

“ನಾನು ಮಲಗ್ತೀನಿ ಅಂತ ನಿಮಗೆ ಯಾರು ಹೇಳಿದ್ರು?” ಎಂದು ಚೀಲವನ್ನು ನನ್ನ ಕೈಗೆ ಕೊಟ್ಟು ದೋಣಿಗೆ ಇಳಿದರು.

ಬೊಂಬೆಗಳ ವಿಷಯ ಕೇಳಿಸಿಕೊಂಡ ನ್ಯಾಯದಣ್ಣ ಹೂಗಳನ್ನು ಏನು ಮಾಡುವುದೆಂದು ತಿಳಿಯದೆ ನಿಂತಿದ್ದ. “ನ್ಯಾಯವಾಗಿ ಹೇಳಬೇಕಂದ್ರೆ ನೀನು ಒಂದೂ ಸುಳ್ಳು ಹೇಳಿಲ್ಲ. ಅದಕ್ಕೇ ಕೋಪ ಬರೋದು” ಎಂದ. ಆಮೇಲೆ ಹೂಗಳನ್ನು ನನ್ನ ಕೈಯಲ್ಲಿಟ್ಟ. “ಅತ್ತಿಗೆಗೆ ಕೊಡು.”

ಪಯಣದ ವಿಷಯ ಹೆಚ್ಚು ಹೇಳುವುದಿಲ್ಲ. ಡಾಕ್ಟರು ಹಾಯಿ ನೋಡಿಕೊಂಡರು, ನಾನು ದೇವರ ನಾಮ ಹೇಳಿಕೊಂಡೆ, ಭಾವಮೈದುನ ದೋಣಿ ತೂಗಿದಾಗಲೆಲ್ಲ ಬೊಂಬೆಗಳಿಗೆ ‘ಮೆಲ್ಲಗೆ, ಮೆಲ್ಲಗೆ’ ಎಂದು ಹೇಳುತ್ತ ಓಡಾಡಿದ. ಮಹಡಿಯಮ್ಮ ಬೂದು ಕೋಟಿನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಸಮುದ್ರವನ್ನು ನಮ್ಮ ರಸ್ತೆಯಂತೆ ನೋಡಿಕೊಂಡರು. ಎರಡನೆಯ ದಿನ, ಕಾವಲು ಹಡಗೂ ಇನ್ನೆರಡು ಹಾಯಿದೋಣಿಗಳೂ ಸ್ವಲ್ಪ ಮುಂದಿದ್ದಾಗ, ಒಂದು ವೇಗದ ದೋಣಿ ನಮ್ಮ ಹತ್ತಿರಕ್ಕೆ ಬಂತು. ಡಾಕ್ಟರು ವೈರ್‌ಲೆಸ್ ಕಡೆ ಓಡಿದರು. ಮಹಡಿಯಮ್ಮ ಕೂಗುವ ಕೊಳವೆ ಬಾಯಿಗಿಟ್ಟು, “ಯಾರ ಮನೆಯವರಪ್ಪಾ ನೀವು? ಇಷ್ಟು ಹೊತ್ತಲ್ಲಿ ಇಲ್ಲೇನು ಕೆಲಸ? ನಿಮ್ಮ ಅಮ್ಮನಿಗೆ ಗೊತ್ತಾ?” ಎಂದು ಕೇಳಿದರು. ಆ ದೋಣಿ ಒಂದು ಕ್ಷಣ ನಿಂತು, ತಿರುಗಿ ಹೊರಟುಹೋಯಿತು. ಅವರು ಕಳ್ಳರೋ ಮೀನುಗಾರರೋ ಇಂದಿಗೂ ತಿಳಿಯದು. ಕಳ್ಳರೇ ಎಂದು ಮಹಡಿಯಮ್ಮ ಹೇಳುತ್ತಾರೆ, ಹೋಗುವಾಗ ಮುಖ ಹಾಗಿತ್ತಂತೆ.

ಸಂಜೆಗೆ ದ್ವೀಪ ಮುಟ್ಟಿದೆವು. ಮೊದಲು ಪ್ರಾರ್ಥನೆ, ಆಮೇಲೆ ಮೊಮ್ಮಗು ಎಂದು ಮಹಡಿಯಮ್ಮನೂ ನಮ್ಮ ಜೊತೆಗೇ ಬಂದರು. ದೊಡ್ಡಕ್ಕನ ಮನೆ ನೀರಿನ ಅಂಚಿನಲ್ಲೇ ಇದೆ. ಅವರ ಮಂಚ ಕಿಟಕಿಯ ಪಕ್ಕ. ನಾವು ಒಳಗೆ ಹೋದಾಗ ಕೋಣೆಯ ತುಂಬ ಕುರ್ಚಿಗಳಿದ್ದವು. ನೆರೆಮನೆಗಳಿಂದ ತಂದವೂ ಇದ್ದವು. ಬಂದರಿನವರು ಮೊದಲು ಕಳಿಸಿದ ಸಂಖ್ಯೆಯೇ ಅವರಿಗೆ ತಲುಪಿತ್ತು.

“ಹನ್ನೊಂದು ಜನ ಅಂದ್ರು. ಕಿಟಕಿಯಿಂದ ನಾನೂ ನೋಡ್ದೆ, ಸುಮಾರು ಜನ ಇದ್ರು. ಉಳಿದವರು ಎಲ್ಲಿ?” ಎಂದರು ದೊಡ್ಡಕ್ಕ.

ಭಾವಮೈದುನ ಮಂಚದ ಬಳಿ ಮಂಡಿಯೂರಿ ಎಲ್ಲವನ್ನೂ ಹೇಳಿದ. ದವಾಖಾನೆ, ಕಿಟಕಿ, ಸಾಲು, ತಪಸ್ವಿಗಳು. ದೊಡ್ಡಕ್ಕ ನಕ್ಕರು; ನಗುವಿನ ನಡುವೆ ಕೆಮ್ಮಿದರು. ಬೂದು ಕೋಟಿನ ಮಾತು ಬಂದಾಗ ನಗು ನಿಂತಿತು. ಕಿಟಕಿಯಾಚೆ, ದೋಣಿಯ ಅಂಚಿನಲ್ಲಿ ಅದು ಗಾಳಿಗೆ ಅಲ್ಲಾಡುತ್ತಿತ್ತು.

“ಅಷ್ಟು ದೂರ ಕಾವಲು ನಿಂತು ಬಂದವಳನ್ನ ಹೊರಗೇ ಬಿಟ್ಟು ಬಂದಿರಾ?” ಎಂದರು. “ಗಾಳಿ ಜೋರಾಗಿದೆ. ಒಳಗೆ ಕರಕೊಂಡು ಬಾ ತಮ್ಮಾ. ಮೇಲಿನ ಗುಂಡಿನೂ ಹಾಕಿರಲ್ಲ ಅವಳು.”

ಅವನು ಓಡಿದ. ಒಂದನ್ನು ತರಲು ಹೋದವನು ಉಳಿದವರಿಗೆ ಬೇಸರವಾದೀತೆಂದು ಎಂಟನ್ನೂ ಹೊತ್ತು ತಂದು, ಕಾಲು ಮಡಚದವರನ್ನು ಕುರ್ಚಿಯ ಹಿಂದೆ ನಿಲ್ಲಿಸಿದ. ನ್ಯಾಯದಣ್ಣನ ಹೂಗಳನ್ನು ನಾನು ಮಂಚದ ಪಕ್ಕದಲ್ಲಿಟ್ಟೆ. ಪ್ರಾರ್ಥನೆಗೆ ಬಾಯಿ ತೆರೆದರೆ ನನಗೆ ಮೊದಲ ಮಾತೇ ಹೊರಡಲಿಲ್ಲ. ಯಾರೂ ಅವಸರಪಡಿಸಲಿಲ್ಲ. ಆ ಎಂಟು ಮಂದಿಯಂತೂ ನಾನು ಬೇಕಾದಷ್ಟು ಹೊತ್ತು ತೆಗೆದುಕೊಳ್ಳಲೆಂದು, ಕದಲದೆ, ಕೆಮ್ಮದೆ, ಒಬ್ಬರ ಮುಖ ಒಬ್ಬರು ನೋಡದೆ ಕಾದರು. ಕೋಣೆಯ ಮೂಲೆಯಿಂದ ಗೊರಕೆಯ ಸದ್ದು ಕೇಳಿ ತಿರುಗಿ ನೋಡಿದೆ. ಬೂದು ಕೋಟಿನ ಹೆಗಲಿಗೆ ತಲೆಯೊರಗಿಸಿ ಮಹಡಿಯಮ್ಮ ನಿದ್ದೆ ಹೋಗಿದ್ದರು.